ಒಂದೇ ಸೂರಿನಡಿ ಹಸಿರು ಕಚೇರಿ: ದೊಮ್ಮಲೂರಿನಿಂದ ಘಟಪ್ರಭೆಯ ದಂಡೆಗೆ

ನಮ್ಮ ನಾಡಿನ ಪರಿಸರ ಚರಿತ್ರೆಯಲ್ಲಿ 1974 ಮರೆಯಬಾರದ ವರ್ಷ. ನದಿ, ಕೆರೆಗಳಿಗೆ ಹೊಲಸು ಬಿಡುವುದನ್ನು ತಡೆಯುವ ಜಲಮಾಲಿನ್ಯ ಕಾಯ್ದೆ ದೇಶಕ್ಕೆ ಬಂದದ್ದು ಆ ವರ್ಷ. ಅದರ ಬೆನ್ನಿಗೇ ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸಲು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಟಾಟಾ ಸಮೂಹದ ದರ್ಬಾರಿ ಸೇಠ್ ಅವರ ಆಲೋಚನೆಯಿಂದ ಟಾಟಾ ಎನರ್ಜಿ ರಿಸರ್ಚ್ ಇನ್‌ಸ್ಟಿಟ್ಯೂಟ್, ಅಂದರೆ ಟೆರಿ, ನೋಂದಣಿಯಾಯಿತು. ನಮ್ಮ ಧೂಪದಾಳದ ಹಿನ್ನೀರು ಮತ್ತು ಅದರ ಆಸುಪಾಸಿನ 29.78 ಚದರ ಕಿಲೋಮೀಟರ್ ಪ್ರದೇಶ ಘಟಪ್ರಭಾ ಪಕ್ಷಿಧಾಮವೆಂದು ಘೋಷಣೆಯಾದದ್ದೂ ಅದೇ ವರ್ಷ.

ಇಷ್ಟೆಲ್ಲ ಒಂದೇ ವರ್ಷದಲ್ಲಿ ಕೂಡಿಬಂದದ್ದು ಬರೀ ಕಾಕತಾಳೀಯವಲ್ಲ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ಪೂರೈಕೆಗೆ ಕಡಿವಾಣ ಹಾಕಿದಾಗ ಜಗತ್ತಿನಾದ್ಯಂತ ಬೆಲೆ ಏರಿತ್ತು. ಇಂಧನ ಅಗ್ಗ, ನೀರು ಪುಕ್ಕಟೆ, ಕಾಡು ಅಕ್ಷಯ ಎಂಬ ನಂಬಿಕೆ ಅಲುಗಾಡತೊಡಗಿತ್ತು. ಆ ಹೊತ್ತಿನಲ್ಲಿ ಎದ್ದ ಪ್ರಶ್ನೆಗಳಿಂದಲೇ ಮುಂದಿನ ಐವತ್ತು ವರ್ಷಗಳ ಕೆಲಸ ಬೆಳೆಯಿತು.

ಸ್ಮರಣ ಸಂಚಿಕೆಗಳಲ್ಲಿ ಹೋರಾಟಗಳ ಕಥೆ ಬರುತ್ತದೆ, ಮುಂದಾಳುಗಳ ಚಿತ್ರ ಬರುತ್ತದೆ. ಆ ಹೋರಾಟಗಳಿಗೆ, ಸಂಶೋಧನೆಗಳಿಗೆ ನೆಲೆ ಕೊಟ್ಟ ಕಚೇರಿಯ ಬಗ್ಗೆ ಬರೆಯುವವರು ಕಡಿಮೆ. ಈ ಲೇಖನ ಅದನ್ನು ಕುರಿತದ್ದು. ಪರಿಸರ ಸಂಸ್ಥೆಗಳು ತಾವು ಹೇಳುವುದನ್ನು ತಮ್ಮ ಗೋಡೆ, ಮಾಳಿಗೆಗಳಲ್ಲಿ ಮಾಡಿ ತೋರಿಸಬಹುದೇ? ಒಂದು ಸೂರನ್ನು ಹಲವರು ಹಂಚಿಕೊಂಡು ಬಾಳಬಹುದೇ? ಈ ಎರಡೂ ಪ್ರಶ್ನೆಗಳಿಗೆ ಕರ್ನಾಟಕದಲ್ಲಿ ಉತ್ತರ ಸಿಕ್ಕಿದೆ.

ಮಣ್ಣಿನಿಂದ ಶುರುವಾದ ಪಾಠ

ಹಸಿರು ಕಟ್ಟಡ ಎಂಬ ಮಾತು ನಮ್ಮಲ್ಲಿ ಬಳಕೆಗೆ ಬರುವ ಎಷ್ಟೋ ಮೊದಲೇ ‘ಅಸ್ತ್ರ’ದವರು ಅದರ ಅಡಿಪಾಯ ಹಾಕಿದ್ದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ವಿಸ್ತರಣಾ ಕೇಂದ್ರವಿತ್ತು. ಸೌದೆ ಉಳಿಸುವ ಅಸ್ತ್ರ ಒಲೆ ಅಲ್ಲಿನ ಅಡುಗೆಮನೆಗಳಲ್ಲಿ ಪರೀಕ್ಷೆಗೊಳಗಾಯಿತು. ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರ ದನಗಳ ಸಗಣಿಯಿಂದ ಅನಿಲ ತಯಾರಿಸಿ, ಅದರಿಂದ ಎಂಜಿನ್ ಓಡಿಸಿ, ಮನೆಗಳಿಗೆ ದೀಪ ಮತ್ತು ಕೊಳವೆ ನೀರು ಒದಗಿಸಿದರು.

ಕಟ್ಟಡದ ವಿಷಯದಲ್ಲಿ ದೊಡ್ಡ ಕೊಡುಗೆ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರದು. ಇಟ್ಟಿಗೆ ಸುಡಲು ಭಟ್ಟಿಗೆ ಸೌದೆಯೋ ಕಲ್ಲಿದ್ದಲೋ ಬೇಕು. ಅದರ ಬದಲು ಸ್ಥಳೀಯ ಮಣ್ಣಿಗೆ ಸ್ವಲ್ಪ ಮರಳು, ನೂರಕ್ಕೆ ಆರೇಳು ಪಾಲು ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಮಾಡಿ, ಕೆಲವು ವಾರ ನೀರುಣಿಸಿದರೆ ಗಟ್ಟಿ ಇಟ್ಟಿಗೆ ಸಿದ್ಧವಾಗುತ್ತದೆ. ಬೆಂಕಿಯ ಹಂಗಿಲ್ಲ, ಲಾರಿ ಬಾಡಿಗೆಯೂ ಇಲ್ಲ. ನಿವೇಶನದಲ್ಲಿ ಪಾಯಕ್ಕೆಂದು ಅಗೆದ ಮಣ್ಣೇ ಗೋಡೆಯಾಗಿ ಮೇಲೇಳುತ್ತದೆ. ಈ ಇಟ್ಟಿಗೆ ಬೆಂಗಳೂರಿನ ಸುತ್ತಮುತ್ತ ಸಾವಿರಾರು ಮನೆಗಳಿಗೆ ಬಳಕೆಯಾಯಿತು. ಜಗದೀಶರ ಬಳಿ ಕಲಿತವರು, ಅವರ ದಾರಿ ಮೆಚ್ಚಿದ ವಾಸ್ತುಶಿಲ್ಪಿಗಳು ಅದನ್ನು ನಗರದ ಬಡಾವಣೆಗಳಿಗೆ ಕೊಂಡೊಯ್ದರು.

ಕಟ್ಟಡಕ್ಕೆ ತಗಲುವ ಶಕ್ತಿ ಎರಡು ಬಗೆಯದು ಎಂದು ಈ ಕೆಲಸ ಕಲಿಸಿತು. ಕಟ್ಟುವಾಗ ಸಿಮೆಂಟ್, ಉಕ್ಕು, ಸುಟ್ಟ ಇಟ್ಟಿಗೆಗಳಲ್ಲಿ ಹೂತುಹೋಗುವ ಶಕ್ತಿ ಒಂದು. ಕಟ್ಟಿದ ಮೇಲೆ ದೀಪ, ಫ್ಯಾನು, ಹವಾನಿಯಂತ್ರಣಕ್ಕೆ ದಿನದಿನವೂ ಖರ್ಚಾಗುವುದು ಇನ್ನೊಂದು. ಎರಡನ್ನೂ ಲೆಕ್ಕಕ್ಕೆ ಹಿಡಿದಾಗ ಮಾತ್ರ ಕಟ್ಟಡದ ನಿಜವಾದ ವೆಚ್ಚ ತಿಳಿಯುತ್ತದೆ.

ಹೋರಾಟಗಳ ದಶಕ

1980ರ ದಶಕದಲ್ಲಿ ಕರ್ನಾಟಕದ ಪರಿಸರ ಚಟುವಟಿಕೆಗೆ ಹೊಸ ಕಸುವು ಬಂತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಹುಟ್ಟಿತು. ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳರ ನೇತೃತ್ವದಲ್ಲಿ ಪರಿಸರ ವಿಜ್ಞಾನ ಕೇಂದ್ರ ಆರಂಭವಾಯಿತು. ಧಾರವಾಡದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ತುಂಗಭದ್ರೆಯ ಮಾಲಿನ್ಯದ ವಿರುದ್ಧ, ಗೋಮಾಳಗಳಲ್ಲಿ ನೀಲಗಿರಿ ನೆಡುವುದರ ವಿರುದ್ಧ ದನಿಯೆತ್ತಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವನ್ನು ಉತ್ತರ ಕರ್ನಾಟಕ ಇನ್ನೂ ಮರೆತಿಲ್ಲ.

ಇಂಥ ಕೆಲಸ ಮಾಡುವ ಸಣ್ಣ ಸಂಘಗಳ ಒಳಗಿನ ಕಷ್ಟ ಹೊರಗಿನವರಿಗೆ ಕಾಣುವುದು ಕಡಿಮೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಾಯಿಸಬೇಕಾದರೆ ಒಂದು ಕಚೇರಿಯ ವಿಳಾಸ ಬೇಕು. ವರ್ಷ ವರ್ಷ ಲೆಕ್ಕಪತ್ರ ಸಲ್ಲಿಸಬೇಕು, ಸರ್ವಸಾಧಾರಣ ಸಭೆ ಕರೆಯಬೇಕು. ದೇಣಿಗೆ ಕೊಡುವವರು ಸಸಿಗೆ ಕೊಡುತ್ತಾರೆ, ಶಿಬಿರಕ್ಕೆ ಕೊಡುತ್ತಾರೆ. ಕಚೇರಿ ಬಾಡಿಗೆಗೆ, ಕರೆಂಟ್ ಬಿಲ್ಲಿಗೆ ಕೊಡುವವರು ವಿರಳ. ಹಾಗಾಗಿ ಅನೇಕ ಸಂಘಗಳ ಕಚೇರಿ ಕಾರ್ಯದರ್ಶಿಯ ಮನೆಯ ಮುಂದಿನ ಕೋಣೆಯೇ ಆಗಿರುತ್ತದೆ. ಅವರಿಗೆ ವರ್ಗವಾದರೆ, ವಯಸ್ಸಾದರೆ, ನದಿ ನೀರಿನ ಪರೀಕ್ಷಾ ವರದಿಗಳು, ಹಳೆಯ ಅರ್ಜಿಗಳು, ಚಿತ್ರಗಳು, ಪತ್ರಿಕಾ ತುಣುಕುಗಳೆಲ್ಲ ಗಂಟುಮೂಟೆಯಾಗಿ ಅಟ್ಟ ಸೇರುತ್ತವೆ. ಒಂದು ಊರಿನ ಪರಿಸರದ ನೆನಪು ಹಾಗೆ ಅಳಿದುಹೋಗುವುದು ದೊಡ್ಡ ನಷ್ಟ. ಎಷ್ಟೋ ಸಂಘಗಳು ಉತ್ಸಾಹ ಬತ್ತಿ ನಿಂತಿದ್ದಲ್ಲ. ಕೂರಲು ಜಾಗವಿಲ್ಲದೆ ಚದುರಿದವು.

ದೊಮ್ಮಲೂರಿನ ಕಟ್ಟಡ

ಟೆರಿ ಸಂಸ್ಥೆಗೆ ಈ ಸಣ್ಣ ಸಂಘಗಳ ಬಡತನ ಇರಲಿಲ್ಲ, ನಿಜ. ಆದರೆ ಇಂಧನ ಉಳಿಸಿರೆಂದು ದೇಶಕ್ಕೆ ಹೇಳುವ ಸಂಸ್ಥೆ ತಾನು ಎಂಥ ಕಟ್ಟಡದಲ್ಲಿ ಕೂರಬೇಕು ಎಂಬ ಪ್ರಶ್ನೆ ಅದಕ್ಕೂ ಎದುರಾಯಿತು. ದಿಲ್ಲಿಯ ಹತ್ತಿರದ ಗುವಾಲ್ ಪಹಾರಿಯಲ್ಲಿ 2000ದ ಹೊತ್ತಿಗೆ ಅದು ಒಂದು ತರಬೇತಿ ಸಂಕೀರ್ಣ ಕಟ್ಟಿತು. ನೆಲದೊಳಗೆ ಹೂತ ಸುರಂಗಗಳಲ್ಲಿ ಗಾಳಿ ಹಾಯಿಸಿ ಕೋಣೆಗಳನ್ನು ತಂಪಾಗಿಡುವ ವ್ಯವಸ್ಥೆ ಅಲ್ಲಿದೆ. ಅದರ ನಂತರ ಬೆಂಗಳೂರಿನ ದೊಮ್ಮಲೂರಿನಲ್ಲಿ ದಕ್ಷಿಣ ಭಾರತದ ಕೇಂದ್ರಕ್ಕೆ ಕಟ್ಟಡ ಎದ್ದಿತು. ವಿನ್ಯಾಸ ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರದು. 2003ರಲ್ಲಿ ಸಂಸ್ಥೆ ತನ್ನ ಹೆಸರನ್ನು ದ ಎನರ್ಜಿ ಅಂಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂದು ಬದಲಿಸಿಕೊಂಡಿತು. ಟೆರಿ ಎಂಬ ಗುರುತು ಹಾಗೇ ಉಳಿಯಿತು.

ಆ ನಿವೇಶನ ಯಾರೂ ಆಸೆಪಟ್ಟು ಆರಿಸುವಂಥದ್ದಲ್ಲ. ಉದ್ದಕ್ಕೆ ಇಕ್ಕಟ್ಟಾದ ಜಾಗ. ದಕ್ಷಿಣದ ಮಗ್ಗುಲಿಗೆ ನಾರುವ ತೆರೆದ ರಾಜಕಾಲುವೆ. ಗಾಳಿ ಬೀಸುವುದೂ ಆ ಕಡೆಯಿಂದಲೇ. ಬೇರೆ ಯಾರೇ ಆಗಿದ್ದರೂ ಕಿಟಕಿಗಳಿಗೆ ಗಾಜು ಜಡಿದು, ಹವಾನಿಯಂತ್ರಣ ಯಂತ್ರ ಕೂಡಿಸಿ ಕೈತೊಳೆದುಕೊಳ್ಳುತ್ತಿದ್ದರು. ಮೋಹೆಯವರು ಕಟ್ಟಡವನ್ನು ಕಾಲುವೆಗೆ ಬೆನ್ನು ಮಾಡಿ ಕೂರಿಸಿ, ಉತ್ತರಕ್ಕೆ ತೆರೆದರು.

ಆ ಬೆನ್ನಿನ ಗೋಡೆಯನ್ನು ಹತ್ತಿರದಿಂದ ನೋಡಬೇಕು. ಅದು ಒಂದು ಗೋಡೆಯಲ್ಲ, ನಡುವೆ ಪೊಳ್ಳು ಬಿಟ್ಟ ಜೋಡಿ ಗೋಡೆ. ಹೊರಮೈಗೆ ಕಪ್ಪು ಕಡಪಾ ಕಲ್ಲಿನ ಹಾಸು. ನಮ್ಮ ಅಡುಗೆಮನೆಯ ಕಟ್ಟೆಗೆ ಹಾಕುವ ಕಲ್ಲೇ ಅದು. ದಕ್ಷಿಣದ ಬಿಸಿಲು ಬಿದ್ದಂತೆ ಕರಿಗಲ್ಲು ಕಾಯುತ್ತದೆ. ಪೊಳ್ಳಿನೊಳಗಿನ ಗಾಳಿ ಬಿಸಿಯಾಗಿ ಹಗುರವಾಗಿ ಮೇಲೇರುತ್ತದೆ. ಇತ್ತ ದಕ್ಷಿಣದ ಗಾಳಿ ಮಾಳಿಗೆಯ ಮೇಲಿಂದ ಹಾದುಹೋಗುವಾಗ ಒಳಗಿನ ಬಿಸಿ ಗಾಳಿಯನ್ನು ಹೊರಕ್ಕೆ ಸೆಳೆಯುತ್ತದೆ. ಹೀಗೆ ತೆರವಾದ ಜಾಗಕ್ಕೆ ಉತ್ತರದ ಕಿಟಕಿಗಳಿಂದ ತಂಪು ಗಾಳಿ ತಾನಾಗಿ ಒಳಬರುತ್ತದೆ. ಬಿಸಿಲು ಹೆಚ್ಚಿದಷ್ಟೂ ಈ ಸೆಳೆತ ಹೆಚ್ಚು. ಸೆಕೆಗೆ ಕಾರಣವಾದ ಸೂರ್ಯನ ಕೈಯಿಂದಲೇ ಸೆಕೆ ಕಳೆಯುವ ಕೆಲಸ ಮಾಡಿಸಿದ್ದಾರೆ. ಅದಕ್ಕೆ ಮೋಟಾರಿಲ್ಲ, ಮೀಟರಿಲ್ಲ.

ಒಳಗೆ ನಡುವಿನ ಅಂಗಳಕ್ಕೆ ಮೇಲಿನ ಗಾಜಿನ ಕಿಂಡಿಗಳಿಂದ ಬೆಳಕು ಇಳಿಯುತ್ತದೆ. ಹಗಲು ಹೊತ್ತು ಮೇಜಿನ ಕೆಲಸಕ್ಕೆ ದೀಪದ ಅಗತ್ಯ ಬಹಳ ಕಡಿಮೆ. ಮಾಳಿಗೆಯ ಮೇಲೆ ಮಣ್ಣು ಹರವಿ ಹುಲ್ಲು, ಗಿಡ ಬೆಳೆಸಿದ್ದಾರೆ. ಬಿಸಿಲಿನ ಕಾವು ಸೂರನ್ನು ದಾಟಿ ಕೆಳಗಿಳಿಯದು. ಸೌರ ಫಲಕಗಳಿವೆ, ಬಿಸಿನೀರಿಗೆ ಸೌರ ಹೀಟರುಗಳಿವೆ. ಮಾಳಿಗೆ ಮತ್ತು ಅಂಗಳದ ಮಳೆನೀರು ನೆಲದಡಿಯ ತೊಟ್ಟಿ ಸೇರಿ ತೋಟಕ್ಕೆ, ಶೌಚಾಲಯಕ್ಕೆ ಬಳಕೆಯಾಗುತ್ತದೆ.

ಈ ಅನುಭವ ಒಂದು ಕಟ್ಟಡಕ್ಕೆ ನಿಲ್ಲಲಿಲ್ಲ. ನಮ್ಮ ಹವೆಗೆ, ನಮ್ಮ ಸಾಮಗ್ರಿಗೆ ಹೊಂದುವ ಅಳತೆಗೋಲು ಬೇಕೆಂದು ಟೆರಿ ‘ಗೃಹ’ ಎಂಬ ಮೌಲ್ಯಮಾಪನ ಪದ್ಧತಿಯನ್ನು ರೂಪಿಸಿತು. ಕೇಂದ್ರ ಸರ್ಕಾರ 2007ರಲ್ಲಿ ಅದನ್ನು ಹಸಿರು ಕಟ್ಟಡಗಳ ರಾಷ್ಟ್ರೀಯ ಪದ್ಧತಿಯಾಗಿ ಒಪ್ಪಿಕೊಂಡಿತು.

ಸೂರು ಹಂಚಿಕೊಂಡಾಗ

ದೊಮ್ಮಲೂರಿನ ಕಟ್ಟಡದ ಇನ್ನೊಂದು ಗುಣವನ್ನು ಇಲ್ಲಿ ಒತ್ತಿ ಹೇಳಬೇಕು. ಆ ಸೂರು ಬರೀ ಒಂದು ಸಂಸ್ಥೆಯ ಸಿಬ್ಬಂದಿಗೆ ಮೀಸಲಾಗಲಿಲ್ಲ. 2005ರಲ್ಲಿ ಆರಂಭವಾದ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಅದೇ ಆವರಣದಲ್ಲಿ ನೆಲೆಯೂರಿತು. ಉಪನ್ಯಾಸ, ಚರ್ಚೆ, ಸಾಕ್ಷ್ಯಚಿತ್ರ ಪ್ರದರ್ಶನಗಳಿಗೆ ಊರಿನವರು ಮುಕ್ತವಾಗಿ ಬಂದು ಹೋಗುವ ಜಾಗ ಅದಾಯಿತು. ವಿಜ್ಞಾನಿ, ನಿವೃತ್ತ ಅಧಿಕಾರಿ, ಕಾಲೇಜು ಹುಡುಗಿ, ಕೆರೆ ಉಳಿಸುವ ಬಡಾವಣೆಯ ನಿವಾಸಿ ಒಂದೇ ಸಭಾಂಗಣದಲ್ಲಿ ಕೂತರು. ಹೀಗೆ ಬೆಳೆದ ಸೆಂಟರ್ 2019ರಲ್ಲಿ ದೊಮ್ಮಲೂರಿನಲ್ಲೇ ತನ್ನ ಸ್ವಂತ ಕಟ್ಟಡಕ್ಕೆ ಹೋಯಿತು. ಹದಿನಾಲ್ಕು ವರ್ಷ ಹಂಚಿಕೊಂಡ ಸೂರು ಇನ್ನೊಂದು ಸಂಸ್ಥೆಯನ್ನು ಅದರ ಕಾಲ ಮೇಲೆ ನಿಲ್ಲಿಸಿತು. ಹಂಚಿಕೊಂಡ ಕಟ್ಟಡ ಮಾಡಬಹುದಾದ ಅತ್ಯುತ್ತಮ ಕೆಲಸ ಇದೇ ಎಂದು ನಾನು ನಂಬುತ್ತೇನೆ.

ಹೊರದೇಶಗಳಲ್ಲಿ ಈ ದಾರಿ ಇನ್ನೂ ಮುಂದಕ್ಕೆ ಹೋಗಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇನೆ ಬಿಟ್ಟುಹೋದ ಆಸ್ಪತ್ರೆಯ ಕಟ್ಟಡಗಳನ್ನು ದುರಸ್ತಿ ಮಾಡಿ 1996ರಲ್ಲಿ ಥೋರೋ ಸೆಂಟರ್ ತೆರೆದರು. ಲಾಭದ ಗುರಿಯಿಲ್ಲದ ಹತ್ತಾರು ಸಂಸ್ಥೆಗಳು ಅಲ್ಲಿ ಬಾಡಿಗೆಗೆ ನೆಲೆಸಿದವು. ಡೆನ್ವರ್ ನಗರದಲ್ಲಿ 20ನೇ ಶತಮಾನದ ಆರಂಭದ ಇಟ್ಟಿಗೆ ಗೋದಾಮೊಂದು ಪರಿಸರ ಸಂಘಟನೆಗಳ ಕೂಡುಕಚೇರಿಯಾಗಿದೆ. ಈ ಎರಡೂ ಕಡೆ ಹೊಸದಾಗಿ ಕಟ್ಟಲಿಲ್ಲ, ಇದ್ದುದನ್ನು ಉಳಿಸಿಕೊಂಡರು. ಆಗಲೇ ನಿಂತಿರುವ ಕಲ್ಲು, ಇಟ್ಟಿಗೆಯನ್ನು ಕೆಡವದೆ ಬಳಸುವುದಕ್ಕಿಂತ ಹಸಿರಾದ ಕಟ್ಟಡ ಬೇರೆ ಇಲ್ಲ.

ಹಂಚಿಕೊಳ್ಳುವುದರಿಂದ ಆಗುವ ಉಪಯೋಗ ಸರಳ. ಐದು ಸಂಘಗಳಿಗೆ ಐದು ಸಭಾಂಗಣ ಬೇಡ. ಒಬ್ಬ ಲೆಕ್ಕಿಗ, ಒಂದು ಗ್ರಂಥಾಲಯ, ಒಂದು ಮುದ್ರಣ ಯಂತ್ರ, ಹೊರಗಿನಿಂದ ಬಂದವರು ತಂಗಲು ಎರಡು ಕೋಣೆ ಸಾಕು. ಪಕ್ಷಿ ವೀಕ್ಷಕರು ಮತ್ತು ನೀರಾವರಿ ಬಲ್ಲವರು ಒಂದೇ ಚಹಾದ ಕಟ್ಟೆಯ ಮೇಲೆ ಕೂತಾಗ ಒಬ್ಬರ ಅಂಕಿಅಂಶ ಇನ್ನೊಬ್ಬರ ಕೈಗೆ ಸಿಗುತ್ತದೆ. ತೊಡಕೂ ಇಲ್ಲದಿಲ್ಲ. ಕಟ್ಟಡದ ಒಡೆತನ ಯಾರದು, ದುರಸ್ತಿಗೆ ಯಾರ ಪಾಲು ಎಷ್ಟು, ಒಂದು ಸಂಘ ಬಾಡಿಗೆ ಕೊಡಲಾರದೆ ಹೋದರೆ ಏನು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದಿಡಬೇಕು. ದುರಸ್ತಿ ನಿಧಿ ತೆಗೆದಿಡದ ಕಟ್ಟಡ ಹತ್ತು ವರ್ಷದಲ್ಲಿ ಹೊರೆಯಾಗುತ್ತದೆ.

ನಮ್ಮ ದಂಡೆಯ ಪರಂಪರೆ

ಘಟಪ್ರಭೆಯ ದಂಡೆಯವರಾದ ನಮಗೆ ಇವೆಲ್ಲ ದೂರದ ಮಾತಾಗಬೇಕಿಲ್ಲ. ಕೂಡಿ ಕಟ್ಟುವುದು, ನಿಸರ್ಗದ ಶಕ್ತಿಯನ್ನು ದುಡಿಸಿಕೊಳ್ಳುವುದು ಎರಡೂ ಈ ಸೀಮೆಗೆ ಹಳೆಯವು. 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಜಲಪಾತದ ನೀರಿನ ಬಲದಿಂದ 19ನೇ ಶತಮಾನದ ಕೊನೆಯಲ್ಲೇ ಇಲ್ಲಿ ನೂಲಿನ ಗಿರಣಿ ತಿರುಗಿತು. 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಗ್ರಾಹಕರೇ ಸದಸ್ಯರಾಗಿ ವಿದ್ಯುತ್ ಹಂಚಿಕೊಳ್ಳುವ ಈ ಪ್ರಯೋಗಕ್ಕೆ ದೇಶದಲ್ಲಿ ಮೊದಲು ಆಯ್ದ ಐದು ಕಡೆಗಳಲ್ಲಿ ಹುಕ್ಕೇರಿಯೂ ಒಂದು. ಘಟಪ್ರಭಾದಲ್ಲಿ ಸಹಕಾರ ತತ್ವದ ಮೇಲೆ ಆಸ್ಪತ್ರೆಯೇ ನಡೆದಿದೆ. ಇಲ್ಲಿನ ಒಣ, ಶುದ್ಧ ಹವೆಯನ್ನು ನಂಬಿ ಸ್ವಾತಂತ್ರ್ಯಪೂರ್ವದಲ್ಲೇ ಕರ್ನಾಟಕ ಆರೋಗ್ಯಧಾಮ ನೆಲೆಗೊಂಡಿತು. ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರು ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಊರಿನಲ್ಲಿ. ಚಿಕಿತ್ಸೆ ಮತ್ತು ಸೇವೆಯ ತರಬೇತಿ ಎರಡಕ್ಕೂ ಘಟಪ್ರಭಾ ನೆಲೆಯಾಗಿತ್ತು.

ಕಟ್ಟಡದ ಜಾಣ್ಮೆಯೂ ನಮ್ಮಲ್ಲಿ ಇತ್ತು. ಗೋಕಾಕ, ಮೂಡಲಗಿಯ ಹಳ್ಳಿಗಳಲ್ಲಿ ಉಳಿದಿರುವ ಜಂತಿಯ ಮನೆಗಳನ್ನು ನೋಡಿ. ಎರಡು ಮೊಳ ದಪ್ಪದ ಕಲ್ಲು ಮಣ್ಣಿನ ಗೋಡೆ, ಮಾಳಿಗೆಯ ಮೇಲೆ ಮಣ್ಣಿನ ಹೊದಿಕೆ, ನಡುಮನೆಗೆ ಬೆಳಕಿಂಡಿ, ಮುಂದೆ ಪಡಸಾಲೆ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನದಲ್ಲೂ ಒಳಗೆ ಕಾಲಿಟ್ಟರೆ ತಂಪು. ದೊಮ್ಮಲೂರಿನ ಕಟ್ಟಡದ ಮಣ್ಣಿನ ಮಾಳಿಗೆಗೂ ಗಾಜಿನ ಕಿಂಡಿಗೂ ಈ ಮನೆಗಳಲ್ಲಿರುವುದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ನಾವು ಜಂತಿ ಕಿತ್ತು ಆರ್‌ಸಿಸಿ ಹಾಕಿ, ಆಮೇಲೆ ಕೂಲರ್ ಕೊಂಡೆವು.

ಮಳೆಯ ಲೆಕ್ಕವನ್ನೂ ಒಮ್ಮೆ ಹಾಕೋಣ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ ಬರೀ 500 ಮಿ.ಮೀ. ಮಳೆಯೆಂದು ಹಿಡಿದರೂ 200 ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಲಕ್ಷ ಲೀಟರ್ ಬೀಳುತ್ತದೆ. ಅದರಲ್ಲಿ ಐದನೇ ಒಂದು ಪಾಲು ಪೋಲಾದರೂ 80,000 ಲೀಟರ್ ಉಳಿಯುತ್ತದೆ. ಒಂದು ಸಣ್ಣ ಕಚೇರಿ ಇದರಿಂದ ವರ್ಷದ ಬಹುಭಾಗ ಬದುಕಬಲ್ಲದು.

ಈಗ ಮಾಡಬೇಕಾದದ್ದು

2019ರ ಆಗಸ್ಟಿನ ಪ್ರವಾಹದಲ್ಲಿ ಘಟಪ್ರಭೆ ಮತ್ತು ಮಾರ್ಕಂಡೇಯ ನದಿಗಳು ಗೋಕಾಕ ಪಟ್ಟಣಕ್ಕೆ ನುಗ್ಗಿದ್ದನ್ನು ನಾವೆಲ್ಲ ಕಂಡೆವು. ಹಿಡಕಲ್ ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆ, ಯಾವ ಓಣಿಗೆ ಯಾವಾಗ ನೀರು ಬರುತ್ತದೆ ಎಂದು ಜನ ಫೋನಿನಿಂದ ಫೋನಿಗೆ ಕೇಳುತ್ತಿದ್ದರು. ನದಿಯನ್ನು ವರ್ಷವಿಡೀ ಗಮನಿಸುವ, ದಾಖಲೆ ಇಡುವ, ಕೇಳಿದವರಿಗೆ ಉತ್ತರಿಸುವ ಒಂದು ಸಾರ್ವಜನಿಕ ನೆಲೆ ಈ ಕಣಿವೆಗೆ ಬೇಕೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಚಳಿಗಾಲದಲ್ಲಿ ಧೂಪದಾಳಕ್ಕೆ ಬರುವ ಕೊಕ್ಕರೆ, ಕ್ರೌಂಚಗಳ ಎಣಿಕೆ, ಕಬ್ಬಿನ ಗದ್ದೆಗಳ ಸವಳು, ಮರಳು ಎತ್ತುವಿಕೆ, ಊರ ಚರಂಡಿ ನದಿ ಸೇರುವ ಜಾಗ, ಇವೆಲ್ಲ ಬೇರೆಬೇರೆ ಜನರ ಕಾಳಜಿ. ಅವರ ಕಡತಗಳು ಒಂದೇ ಕಪಾಟಿನಲ್ಲಿ ಸಿಗುವಂತಾಗಬೇಕು.

ಅದಕ್ಕೆ ಕೋಟಿಗಟ್ಟಲೆ ಹಣದ ಹೊಸ ಕಟ್ಟಡ ಬೇಕಿಲ್ಲ. ಪ್ರವಾಹದ ಮಟ್ಟಕ್ಕಿಂತ ಮೇಲಿರುವ ಒಂದು ಹಳೆಯ ಕಲ್ಲಿನ ಕಟ್ಟಡ, ಮುಚ್ಚಿದ ಶಾಲೆ, ಬಳಕೆ ತಪ್ಪಿದ ಗೋದಾಮು ಸಾಕು. ಗೋಡೆಯನ್ನು ಹಾಗೇ ಉಳಿಸಿ, ಮಾಳಿಗೆ ಸರಿಪಡಿಸಿ, ಬೆಳಕಿಂಡಿ ತೆರೆದು, ಮಳೆನೀರಿನ ತೊಟ್ಟಿ ಕಟ್ಟಿ, ಸೌರ ಫಲಕ ಕೂರಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧ ಸಹಕಾರದ್ದು, ಅದನ್ನು ಹುಕ್ಕೇರಿಯವರು ಅರ್ಧ ಶತಮಾನದ ಹಿಂದೆಯೇ ಮಾಡಿ ತೋರಿಸಿದ್ದಾರೆ.

ಈ ಸಂಚಿಕೆ ಓದುವ ಗ್ರಾಮ ಪಂಚಾಯಿತಿ ಸದಸ್ಯರು, ಪುರಸಭೆಯವರು, ಸಹಕಾರಿ ಸಂಘಗಳ ಆಡಳಿತ ಮಂಡಳಿಯವರು, ಶಿಕ್ಷಕರು ತಮ್ಮ ಊರಿನಲ್ಲಿ ಬೀಗ ಬಿದ್ದ ಅಂಥ ಒಂದು ಕಟ್ಟಡವನ್ನು ಗುರುತಿಸಿ ಎಂದು ಕೇಳಿಕೊಳ್ಳುತ್ತೇನೆ. ಪರಿಸರಕ್ಕಾಗಿ ದುಡಿಯುತ್ತಿರುವ ಸಂಘಗಳನ್ನು ಒಂದು ದಿನ ಅಲ್ಲಿಗೆ ಕರೆಯಿರಿ. ಅಟ್ಟದ ಮೇಲಿರುವ ಹಳೆಯ ಕಡತಗಳನ್ನು ಜೊತೆಗೆ ತನ್ನಿರೆಂದು ಹೇಳಿ. ಘಟಪ್ರಭೆಯ ಕಣಿವೆಗೆ ತನ್ನದೇ ಆದ ಹಸಿರು ಕಚೇರಿ ಬೇಕು. ಅದನ್ನು ಕಟ್ಟುವ ಶಕ್ತಿ ಈ ಸೀಮೆಯ ಜನರಿಗಿದೆ.